ಅಖಂಡ ಸಂಖ್ಯೆ

ಈ ಕಥೆಯಲ್ಲಿ ಪವಾಡ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಅನ್ನಬೇಡಿ. ಇಲ್ಲಿ ಯಾರೂ ನೀರಿನ ಮೇಲೆ ನಡೆಯುವುದಿಲ್ಲ, ಸತ್ತವರು ಎದ್ದು ಕೂರುವುದಿಲ್ಲ. ಒಂದು ಸಂಖ್ಯೆ ಇದೆ. ಅದನ್ನು ಎದೆಗೆ ಅವಚಿಕೊಂಡು ಬದುಕಿದ ಒಬ್ಬ ಗುರು ಇದ್ದಾರೆ. ಆ ಗುರುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡ ಒಬ್ಬ ಶಿಷ್ಯ ಇದ್ದಾನೆ. ಅಷ್ಟೇ.

ವರದಾ ನದಿಯ ದಂಡೆಯಲ್ಲಿ ಶ್ರುತನಂದಿ ಎಂಬ ಗುರುಗಳ ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಗಣಿತ ಒಂದೇ. ಮೋಕ್ಷದ ದಾರಿ ಕೇಳಿಕೊಂಡು ಬಂದವರಿಗೆ ಗುರುಗಳು ಊಟ ಹಾಕಿಸಿ, ಮುಂದಿನ ಊರಿಗೆ ಹೋಗುವ ದಾರಿ ತೋರಿಸಿ ಕಳಿಸಿಬಿಡುತ್ತಿದ್ದರು.

ಲೆಕ್ಕ ಮಾಡುವುದು ಮರಳ ಹಲಗೆಯ ಮೇಲೆ. ಹಲಗೆಗೆ ನುಣ್ಣನೆಯ ಮರಳು ಹರಡಿ ಬೆರಳಲ್ಲಿ ಬರೆಯಬೇಕು. ಮುಗಿದ ಮೇಲೆ ಅಂಗೈಯಿಂದ ಅಳಿಸಬೇಕು. ನೆನಪಿಡಬೇಕಾದದ್ದೆಲ್ಲ ಬಾಯಲ್ಲೇ ಇರಬೇಕು.

ಹಾಗೆ ಬಾಯಲ್ಲಿ ಇದ್ದದ್ದರಲ್ಲಿ ದೊಡ್ಡದು ‘ಸಾವಿರದ ಪಾಠ’. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಸುವ ಸಂಖ್ಯೆಗಳಿವೆಯಲ್ಲ, ಅವು ಒಡೆಯದ ಸಂಖ್ಯೆಗಳು. ಎರಡು, ಮೂರು, ಐದು, ಏಳು, ಹನ್ನೊಂದು, ಹೀಗೆ. ಸಾವಿರದೊಳಗೆ ಅಂಥವು ನೂರ ಅರವತ್ತೆಂಟು. ಹೊತ್ತು ಮುಳುಗುವ ಮೊದಲು ಶಿಷ್ಯರೆಲ್ಲ ನದಿಯ ಮೆಟ್ಟಿಲ ಮೇಲೆ ಕೂತು ಅಷ್ಟನ್ನೂ ರಾಗವಾಗಿ ಹೇಳುತ್ತಿದ್ದರು. ಕೊನೆಯದು ಒಂಬೈನೂರ ತೊಂಬತ್ತೇಳು. ಅಲ್ಲಿಗೆ ಎಲ್ಲರ ಬಾಯಿಯೂ ನಿಲ್ಲುತ್ತಿತ್ತು.

ಆಮೇಲೆ ಗುರುಗಳೊಬ್ಬರೇ ಒಂದು ಸಂಖ್ಯೆ ಹೇಳುತ್ತಿದ್ದರು.

“ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು.”

ಎಲ್ಲರೂ ತಲೆಬಾಗುತ್ತಿದ್ದರು. ಅದೇ ಅಖಂಡ. ಆಶ್ರಮಕ್ಕೆ ದೇವರಿದ್ದರೆ ಅದೊಂದೇ.

ಅದನ್ನು ಕಂಡುಹಿಡಿದವರು ಶ್ರುತನಂದಿಗಳ ಗುರುಗಳು. ಅವರನ್ನು ಎಲ್ಲರೂ ದೊಡ್ಡ ಗುರುಗಳು ಅನ್ನುತ್ತಿದ್ದರು. ಸಾವಿರದ ಪಾಠವನ್ನು ಕಟ್ಟಿದವರೂ ಅವರೇ. ಪಾಠದ ಒಂದು ಸಂಖ್ಯೆ ಹೇಳುವುದು, ಅದರಿಂದ ಭಾಗಿಸುವುದು. ಇನ್ನೊಂದು ಹೇಳುವುದು, ಅದರಿಂದ ಭಾಗಿಸುವುದು. ಹೀಗೆ ಕೊನೆಯವರೆಗೂ ಭಾಗಿಸಿ ನೋಡಿದ್ದರು. ಪ್ರತಿ ಸಲವೂ ಶೇಷ ಉಳಿಯಿತು. ಇದು ಒಡೆಯುವುದಿಲ್ಲ, ನಿಮ್ಮ ನಿಷ್ಠೆಯೂ ಹೀಗೇ ಇರಲಿ ಎಂದು ಅವರು ಶಿಷ್ಯರಿಗೆ ಹೇಳಿದರು.

ಅಂದಿನಿಂದ ಹೊಸದಾಗಿ ಸೇರುವವರು ಬೊಗಸೆಯಲ್ಲಿ ಹೊಳೆಯ ನೀರು ಹಿಡಿದು ಅಖಂಡವನ್ನು ಹೇಳಿ ಪ್ರತಿಜ್ಞೆ ಮಾಡಬೇಕು. ದೊಡ್ಡ ಗುರುಗಳು ತೀರಿಕೊಂಡದ್ದು ಶ್ರುತನಂದಿಗಳ ತೊಡೆಯ ಮೇಲೆ. ಕೊನೆಗೆ ಅವರ ಬಾಯಿಂದ ಬಂದದ್ದು ದೇವರ ಹೆಸರಲ್ಲ, ಈ ಸಂಖ್ಯೆ. ಇದನ್ನು ಹೇಳುವಾಗೆಲ್ಲ ಶ್ರುತನಂದಿಗಳ ಕಣ್ಣು ತುಂಬುತ್ತಿತ್ತು. ಮುದುಕರಾದರೂ ಗುರುವಿನ ಮಾತು ಬಂದರೆ ಅವರು ಮಗುವಾಗಿಬಿಡುತ್ತಿದ್ದರು.

ಇನ್ನು ಶಿಷ್ಯನ ವಿಷಯ. ಅವನ ಹೆಸರು ಬೂಚಣ, ಗಾಣಿಗರ ಮನೆಯವನು. ಹೆತ್ತವರು ಸತ್ತ ಮೇಲೆ ನೆಂಟರ ಮನೆಯಿಂದ ನೆಂಟರ ಮನೆಗೆ ತಳ್ಳಿಸಿಕೊಂಡು ಕಡೆಗೆ ಇಲ್ಲಿಗೆ ಬಂದು ಬಿದ್ದಿದ್ದ. ಗುರುಗಳು ಅವನ ಬೆರಳು ಹಿಡಿದು ಮರಳಲ್ಲಿ ತಿದ್ದಿಸಿದರು. ಅವನಿಗೆ ಸಿಡುಬು ಎದ್ದಾಗ ಎಲ್ಲರೂ ದೂರ ಸರಿದರು, ಗುರುಗಳು ಮಾತ್ರ ಪಕ್ಕದಲ್ಲಿ ಕೂತು ಬೇವಿನ ಸೊಪ್ಪಲ್ಲಿ ಗಾಳಿ ಹಾಕಿದರು. ಈಗ ಅವನು ದೊಡ್ಡವನಾಗಿ ಕಿರಿಯರಿಗೆ ತಾನೇ ಪಾಠ ಹೇಳುತ್ತಿದ್ದ. ಅವನಿಗೆ ಈ ಭೂಮಿಯ ಮೇಲೆ ನನ್ನವರು ಅಂತ ಇದ್ದದ್ದು ಗುರುಗಳೊಬ್ಬರೇ.

ಗುರುಗಳ ದನಿ ಸೋಲುತ್ತಾ ಬಂತು. ಒಂದು ದಿನ ಎಲ್ಲರ ಮುಂದೆ ಹೇಳಿದರು, ಬರುವ ಹುಣ್ಣಿಮೆಯಿಂದ ಅಖಂಡವನ್ನು ಬೂಚಣ ಹೇಳಲಿ ಎಂದು.

ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ಗುರುಗಳ ನಂತರ ಆ ಜಾಗ ಅವನದು. ಹಿರಿಯ ಶಿಷ್ಯ ಚಂದಿಮಯ್ಯ ಎದ್ದು ಬಂದು ಅವನನ್ನು ತಬ್ಬಿಕೊಂಡ. ಚಂದಿಮಯ್ಯ ಹೊಟ್ಟೆಕಿಚ್ಚಿನ ಮನುಷ್ಯನಲ್ಲ, ಅದನ್ನೂ ಈಗಲೇ ಹೇಳಿರುತ್ತೇನೆ.

ಹುಣ್ಣಿಮೆ ಹತ್ತಿರ ಬಂತು. ಬೂಚಣ ಕಿರಿಯರಿಗೆ ವರ್ಗ ಮಾಡುವುದನ್ನು ಕಲಿಸುತ್ತಿದ್ದ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ಅದರ ವರ್ಗ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದ. ಒಬ್ಬನಿಗೆ ಸಾವಿರದ ಹನ್ನೊಂದು ಬಂದಿತ್ತು. ಅವನು ಗುಣಿಸಿ ಬರೆದ: ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಇಪ್ಪತ್ತೊಂದು.

ಸರಿಯಾಗಿದೆ ಎಂದು ಹೇಳಿ ಬೂಚಣ ಮುಂದಿನ ಹಲಗೆಗೆ ಹೋದ. ಹೋದವನು ತಿರುಗಿ ಬಂದ.

ಅಖಂಡಕ್ಕಿಂತ ಇದು ನಾಲ್ಕೇ ನಾಲ್ಕು ಹೆಚ್ಚು.

ಮೊದಲು ಅವನಿಗೆ ಖುಷಿಯಾಯಿತು. ಊರಲ್ಲಿ ಕಾಣದ ನೆಂಟರು ಸಂತೆಯಲ್ಲಿ ಸಿಕ್ಕ ಹಾಗೆ. ಗುರುಗಳಿಗೆ ಹೇಳಬೇಕು, ನಗುತ್ತಾರೆ ಅಂದುಕೊಂಡ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ನಾಲ್ಕು ಕೂಡ ಒಂದು ವರ್ಗ. ಎರಡರ ವರ್ಗ.

ದೊಡ್ಡ ವರ್ಗದಿಂದ ಸಣ್ಣ ವರ್ಗ ಕಳೆದರೆ ಉಳಿಯುವುದು, ಆ ಎರಡು ಸಂಖ್ಯೆಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿದಷ್ಟು. ಇದು ಆಶ್ರಮದಲ್ಲಿ ಯಾರನ್ನು ಕೇಳಿದರೂ ಹೇಳುವ ಪಾಠ. ಅಂದರೆ ಸಾವಿರದ ಹನ್ನೊಂದಕ್ಕೆ ಎರಡು ಕೂಡಿಸು, ಎರಡು ಕಳೆ. ಸಾವಿರದ ಹದಿಮೂರು, ಸಾವಿರದ ಒಂಬತ್ತು. ಇವೆರಡನ್ನು ಗುಣಿಸು.

ಬೂಚಣ ಕಿರಿಯರನ್ನು ಹೊಳೆಗೆ ಕಳಿಸಿ ತಾನೇ ಗುಣಿಸಿದ. ಅಳಿಸಿ ಮತ್ತೆ ಗುಣಿಸಿದ. ಮರಳ ಮೇಲೆ ಮತ್ತೆ ಅದೇ ಸಂಖ್ಯೆ ಬಂತು. ಅಖಂಡ ಒಡೆದುಹೋಗಿತ್ತು.

ಹಾಗಾದರೆ ಅಷ್ಟು ದೊಡ್ಡವರಿಗೆ ಹೇಗೆ ತಪ್ಪಿತು ಎಂದು ಅವನು ತಲೆ ಹಿಡಿದು ಕೂತ. ಒಂದು ಸಂಖ್ಯೆ ಒಡೆಯುತ್ತದೋ ಇಲ್ಲವೋ ನೋಡಲು ಅದರ ವರ್ಗಮೂಲದವರೆಗೆ ಭಾಗಿಸಿದರೆ ಸಾಕು, ಅದಕ್ಕಿಂತ ಮೇಲೆ ಹೋಗಬೇಕಿಲ್ಲ. ಅಖಂಡದ ಮೂಲ ಸಾವಿರದ ಹನ್ನೊಂದಕ್ಕಿಂತ ಚೂರು ಕಡಿಮೆ. ಎಲ್ಲರೂ ಅದನ್ನು ‘ಸಾವಿರದ ಚಿಲ್ಲರೆ’ ಅನ್ನುತ್ತಿದ್ದರು. ಆ ಚಿಲ್ಲರೆಯಲ್ಲೇ ಸಾವಿರದ ಒಂಬತ್ತು ಕೂತಿತ್ತು. ಪಾಠ ಒಂಬೈನೂರ ತೊಂಬತ್ತೇಳಕ್ಕೆ ಮುಗಿಯುತ್ತದೆ. ಪಾಠ ಹೇಳುತ್ತಾ ಹೇಳುತ್ತಾ ಭಾಗಿಸಿದವರಿಗೆ ಬಾಯಿ ನಿಂತಲ್ಲಿ ಕೈಯೂ ನಿಂತಿತ್ತು. ಆಮೇಲೆ ಬಂದವರು ಭಾಗಿಸಿ ನೋಡಲೂ ಹೋಗಲಿಲ್ಲ, ತಲೆಬಾಗಿದರು.

ಅವನು ನೇರ ಚಂದಿಮಯ್ಯನ ಹತ್ತಿರ ಹೋದ. ಚಂದಿಮಯ್ಯ ಹಲಗೆ ಎಳೆದುಕೊಂಡು ತಾನೂ ಮಾಡಿ ನೋಡಿದ, ಮಾಡಿ ಮುಗಿಸುವ ಹೊತ್ತಿಗೆ ಬೆವರಿದ್ದ. ಸುತ್ತಲೂ ನೋಡಿ ಅಂಗೈಯಿಂದ ಮರಳು ಸಾಪು ಮಾಡಿದ.

“ಇದನ್ನು ಯಾರಿಗೆ ಹೇಳಿದ್ದೀ?”

“ನಿಮಗೊಬ್ಬರಿಗೇ, ಅಣ್ಣ.”

“ಇಲ್ಲಿಗೇ ಬಿಡು.”

ಚಂದಿಮಯ್ಯ ದನಿ ತಗ್ಗಿಸಿ ತಿಳಿಹೇಳಿದ. ಗುರುಗಳಿಗೆ ಎಷ್ಟು ವಯಸ್ಸಾಗಿದೆ ನೋಡು ಅಂದ. ಅವರು ಉಸಿರಾಡುವುದೇ ಆ ಸಂಖ್ಯೆಯಿಂದ, ಅದನ್ನು ಕಿತ್ತುಕೊಂಡರೆ ಅವರಲ್ಲಿ ಏನು ಉಳಿಯುತ್ತದೆ ಅಂದ. ಇನ್ನೆಷ್ಟು ಕಾಲ ಇದ್ದಾರು, ಅವರ ನಂತರ ಬೇಕಾದರೆ ತಿದ್ದಿಕೊಂಡರಾಯಿತು ಅಂದ. ಆ ಮಾತಿನಲ್ಲಿ ಕಪಟ ಇರಲಿಲ್ಲ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು.

“ನಾಳೆಯೇ ಹುಣ್ಣಿಮೆ, ನಾನು ಎಲ್ಲರ ಮುಂದೆ ಅಖಂಡ ಹೇಳಬೇಕು” ಎಂದ ಬೂಚಣ.

“ಹೇಳು. ಒಂದು ಸಂಖ್ಯೆ ಹೇಳಿದರೆ ಸುಳ್ಳು ಹೇಳಿದ ಹಾಗೆ ಆಗುತ್ತದೇನು ತಮ್ಮಾ? ಅದು ಒಡೆಯುವುದಿಲ್ಲ ಎಂದು ನೀನೇನೂ ಹೇಳುತ್ತಿಲ್ಲವಲ್ಲ.”

ಮಾತು ಸರಿಯಾಗಿಯೇ ಇತ್ತು. ಬೂಚಣನಿಗೂ ಹಾಗೇ ಅನ್ನಿಸಿತು. ಗುರುಗಳ ಮನಸ್ಸು ನೋಯಿಸುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ಮೇಲು ಎಂದು ತೀರ್ಮಾನ ಮಾಡಿಕೊಂಡ.

ಮರುದಿನ ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ಗುರುಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದು, ಬೂಚಣನನ್ನು ಅಲ್ಲಿ ಕೂರಿಸಿದರು. ಪಾಠ ಶುರುವಾಯಿತು. ಬೂಚಣನೂ ಹೇಳುತ್ತಾ ಬಂದ. ಒಂಬೈನೂರ ಎಂಬತ್ತಮೂರು, ಒಂಬೈನೂರ ತೊಂಬತ್ತೊಂದು, ಒಂಬೈನೂರ ತೊಂಬತ್ತೇಳು.

ಎಲ್ಲರೂ ನಿಲ್ಲಿಸಿದರು. ಅವನು ಬಾಯಿ ತೆರೆದ. ಮಾತು ಬರಲಿಲ್ಲ.

ಗುರುಗಳು ಅವನ ಕಡೆ ನೋಡುತ್ತಿದ್ದರು. ಆ ಮುಖದಲ್ಲಿ ಎಷ್ಟು ಸಂತೋಷ ಇತ್ತೆಂದರೆ ಬೂಚಣನಿಗೆ ಅಳು ಬಂತು. ಮತ್ತೊಮ್ಮೆ ಬಾಯಿ ತೆರೆದ. ಆಗಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಗೋ ಹೇಳಿದ.

ಕೊನೆಗೆ ಗುರುಗಳೇ ತಮ್ಮ ಸೋತ ದನಿಯಲ್ಲಿ ಅಖಂಡವನ್ನು ಹೇಳಿದರು. ನಡುವೆ ಕೆಮ್ಮಿದರು. ಎಲ್ಲರೂ ತಲೆಬಾಗಿದರು. ಬೂಚಣನ ತಲೆ ಬಾಗಲಿಲ್ಲ, ಅದನ್ನು ಗುರುಗಳು ಕಂಡರು.

ಬೆಳಿಗ್ಗೆ ಗುರುಗಳು ಅವನನ್ನು ಕರೆಸಿಕೊಂಡರು. ಮುಂದೆ ಮರಳ ಹಲಗೆ ಇತ್ತು.

“ಗಂಟಲು ಸರಿಹೋಯಿತೇ?”

“ಹೋಯಿತು ಗುರುಗಳೇ.”

“ಹಾಗಾದರೆ ಈಗ ಹೇಳು, ನನ್ನೊಬ್ಬನ ಮುಂದೆ.”

ಬೂಚಣ ನೆಲ ನೋಡುತ್ತಾ ನಿಂತ. ಗುರುಗಳು ಕಾದರು. ಅವರಿಗೆ ಕಾಯುವುದು ಚೆನ್ನಾಗಿ ಗೊತ್ತಿತ್ತು.

“ಗುರುಗಳೇ, ಒಂದು ಕೇಳಲೇ?” ಎಂದ ಬೂಚಣ. “ಗುರುವಿನ ಮಾತು ಒಂದು ಹೇಳಿ, ಲೆಕ್ಕ ಇನ್ನೊಂದು ಹೇಳಿದರೆ, ಶಿಷ್ಯನಾದವನು ಏನು ಮಾಡಬೇಕು?”

“ಲೆಕ್ಕ ಮತ್ತೊಮ್ಮೆ ಮಾಡಬೇಕು.”

“ಮಾಡಿದೆ.”

“ಇನ್ನೊಬ್ಬರಿಂದ ಮಾಡಿಸಬೇಕು.”

“ಮಾಡಿಸಿದೆ.”

ಗುರುಗಳು ಹಲಗೆಯನ್ನು ಅವನ ಕಡೆ ತಳ್ಳಿದರು.

ಬೂಚಣ ಕೂತು ಬರೆದ. ಸಾವಿರದ ಹನ್ನೊಂದರ ವರ್ಗ, ಅದರ ಕೆಳಗೆ ನಾಲ್ಕು. ಕಳೆದು ಬಂದದ್ದನ್ನೂ ಬರೆದ. ಅದರ ಪಕ್ಕದಲ್ಲಿ ಆ ಎರಡು ಸಂಖ್ಯೆಗಳು.

ಗುರುಗಳು ಬಗ್ಗಿ ನೋಡಿದರು. ಮುಖ ಕೆಂಪಾಯಿತು.

“ಅಳಿಸು.”

ಬೂಚಣನ ಕೈ ಏಳಲಿಲ್ಲ.

“ಅಳಿಸು ಅಂದೆ.”

“ತಾವೇ ಅಳಿಸಿ ಗುರುಗಳೇ” ಎಂದ ಬೂಚಣ. “ತಾವು ಅಳಿಸಿದರೆ ನಾನು ಈ ಮಾತನ್ನು ಇನ್ನು ಎತ್ತುವುದಿಲ್ಲ. ಇವತ್ತು ಸಂಜೆ ಅಖಂಡವನ್ನು ಹೇಳುತ್ತೇನೆ. ಸಾಯುವವರೆಗೂ ಹೇಳುತ್ತೇನೆ.”

ಅವನು ಬಾಯಿಮಾತಿಗೆ ಹೇಳಿದ್ದಲ್ಲ. ಗುರುಗಳು ಅಳಿಸಿದ್ದರೆ ಅವನು ಹಾಗೇ ಮಾಡುತ್ತಿದ್ದ. ಈ ಕಥೆಯೂ ಇರುತ್ತಿರಲಿಲ್ಲ.

ಗುರುಗಳ ಅಂಗೈ ಹಲಗೆಯ ಮೇಲೆ ಬಂತು. ಮರಳಿಗೆ ತಾಗುವಷ್ಟು ಹತ್ತಿರ ಬಂದು ಅಲ್ಲೇ ನಿಂತಿತು. ಬೂಚಣ ಕಣ್ಣು ಮುಚ್ಚಿಕೊಂಡ. ಗುರುಗಳು ಅಳಿಸಿಬಿಡಲಿ ಎಂದು ಮನಸ್ಸಿನೊಳಗೇ ಬೇಡಿಕೊಂಡ. ಅಳಿಸದಿರಲಿ ಎಂದೂ ಬೇಡಿಕೊಂಡ.

ಕಣ್ಣು ಬಿಟ್ಟಾಗ ಗುರುಗಳು ಹಲಗೆಯ ಖಾಲಿ ಮೂಲೆಯಲ್ಲಿ ಬರೆಯುತ್ತಿದ್ದರು. ಅಖಂಡವನ್ನು ಬರೆದು ಸಾವಿರದ ಒಂಬತ್ತರಿಂದ ಭಾಗಿಸುತ್ತಿದ್ದರು. ಅಂಕಿಗಳು ಸೊಟ್ಟಗಾಗುತ್ತಿದ್ದವು. ಮೊದಲು ಹದಿಮೂರು ಸಾವಿರದ ನೂರ ಹದಿನೇಳು ಉಳಿಯಿತು. ಮತ್ತೆ ಕಳೆದರು, ಮೂರು ಸಾವಿರದ ಇಪ್ಪತ್ತೇಳು ಉಳಿಯಿತು. ಮತ್ತೆ ಕಳೆದರು.

ಏನೂ ಉಳಿಯಲಿಲ್ಲ.

ಗುರುಗಳು ಅಲ್ಲೇ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ಒಂದಾದರೂ ಉಳಿಯಬಾರದೇ ಎಂದು ಹುಡುಕುವವರ ಹಾಗೆ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, ಬೂಚಣನ ಕಡೆ ತಿರುಗಿಯೂ ನೋಡದೆ ಹೊರಗೆ ಹೋದರು. ಹೊಳೆಯ ಆಚೆ ದಂಡೆಯಲ್ಲಿ ಬಂಡೆಯೊಂದಿತ್ತು. ದೊಡ್ಡ ಗುರುಗಳನ್ನು ಸುಟ್ಟದ್ದು ಅಲ್ಲಿ. ಅಲ್ಲಿ ಹೋಗಿ ಕೂತರು.

ಮಧ್ಯಾಹ್ನ ಗಂಜಿ ಒಯ್ದವರು ಗಂಜಿಯ ಸಮೇತ ವಾಪಸು ಬಂದರು. ಗುರುಗಳು ಅಳುತ್ತಿದ್ದಾರೆ ಎಂದು ಹೇಳಿದರು. ಯಾರಿಗೂ ಕೆಲಸ ಸಾಗಲಿಲ್ಲ. ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಹಲಗೆ ಹಾಗೇ ಇತ್ತಲ್ಲ.

ಚಂದಿಮಯ್ಯ ಬೂಚಣನನ್ನು ಹುಡುಕಿಕೊಂಡು ಬಂದ. ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಹೊಡೆಯಲಿಲ್ಲ.

“ಸಮಾಧಾನ ಆಯಿತೇ ನಿನಗೆ?” ಎಂದಷ್ಟೇ ಕೇಳಿ ಹೋದ. ಹೊಡೆದಿದ್ದರೇ ಚೆನ್ನಾಗಿತ್ತು.

ಬೂಚಣ ತನ್ನ ಎರಡು ಪಂಚೆ, ಒಂದು ಕಂಬಳಿ ಮಡಿಸಿ ಗಂಟು ಕಟ್ಟಿದ. ಎಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿರಲಿಲ್ಲ. ತನ್ನನ್ನು ಬದುಕಿಸಿದವರ ಎದೆ ಒಡೆದು ಅದೇ ಮನೆಯ ಅನ್ನ ಉಣ್ಣುವುದು ಹೇಗೆ? ಹೋಗಲೇಬೇಕು ಅನ್ನುವುದು ಮಾತ್ರ ಗೊತ್ತಿತ್ತು.

ಸಂಜೆಯಾಯಿತು. ಗುರುಗಳು ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಬಂದರು. ಕಣ್ಣು ಊದಿಕೊಂಡಿತ್ತು, ಪಂಚೆಯ ಅಂಚು ಒದ್ದೆಯಾಗಿತ್ತು. ತಮ್ಮ ಜಾಗದಲ್ಲಿ ಕೂತು, ಪಾಠ ಶುರುಮಾಡಿ ಎಂದು ಕೈಸನ್ನೆ ಮಾಡಿದರು.

ಎಲ್ಲರೂ ಹೇಳತೊಡಗಿದರು. ದನಿಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಹೇಗೋ ಒಂಬೈನೂರ ತೊಂಬತ್ತೇಳಕ್ಕೆ ಬಂದು ನಿಂತರು. ಇನ್ನೇನು ಹೇಳುತ್ತಾರೋ ಎಂದು ಎಲ್ಲರೂ ಗುರುಗಳ ಕಡೆ ನೋಡಿದರು.

“ಸಾವಿರದ ಒಂಬತ್ತು” ಎಂದರು ಗುರುಗಳು.

ಸ್ವಲ್ಪ ಬಿಟ್ಟು, “ಸಾವಿರದ ಹದಿಮೂರು” ಎಂದರು.

ಆಮೇಲೆ ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳಿದರು. ನಾವು ಅಖಂಡ ಅನ್ನುತ್ತಿದ್ದ ಸಂಖ್ಯೆ ಈ ಎರಡರಿಂದ ಆದದ್ದು, ಅದು ಒಡೆಯುತ್ತದೆ ಎಂದರು. ಬೆಳಿಗ್ಗೆ ತಾವೇ ಭಾಗಿಸಿ ನೋಡಿದ್ದಾಗಿಯೂ, ಯಾರಿಗಾದರೂ ಅನುಮಾನವಿದ್ದರೆ ಹಲಗೆ ಇನ್ನೂ ಅಲ್ಲೇ ಇದೆ, ಹೋಗಿ ನೋಡಬಹುದೆಂದೂ ಹೇಳಿದರು. ಯಾರೂ ಏಳಲಿಲ್ಲ.

ಚಂದಿಮಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

“ಹಾಗಾದರೆ ದೊಡ್ಡ ಗುರುಗಳು ತಪ್ಪಿದರು ಅಂತ ಹೇಳುತ್ತಿದ್ದೀರಾ? ಅವರು ಕೊಟ್ಟ ಸಂಖ್ಯೆ ಹೇಳಿ ನೀರು ಹಿಡಿದು ಪ್ರತಿಜ್ಞೆ ಮಾಡಿದವರು ನಾವು.”

“ತಪ್ಪಿದರು” ಎಂದರು ಗುರುಗಳು.

ಆ ಒಂದು ಮಾತು ಹೇಳುವುದಕ್ಕೆ ಅವರಿಗೆ ಬೆಳಗಿನಿಂದ ಸಂಜೆಯವರೆಗೆ ಬೇಕಾಗಿತ್ತು. ಹೇಳಿ ಒಮ್ಮೆ ಉಸಿರೆಳೆದುಕೊಂಡರು.

“ಚಂದಿಮಯ್ಯ, ಅವರು ಹೊರಟಾಗ ಪಾಠ ಅನ್ನುವುದೇ ಇರಲಿಲ್ಲ. ಸಾವಿರದವರೆಗೆ ಒಬ್ಬರೇ ಹೋದರು. ಅಲ್ಲಿ ಅವರಿಗೆ ಸುಸ್ತಾಯಿತು.”

ಚಂದಿಮಯ್ಯ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಆಗ ಬೂಚಣ ಹಿಂದಿನಿಂದ ಎದ್ದು ಬಂದ. ಕಂಕುಳಲ್ಲಿ ಗಂಟು ಇತ್ತು. ಗಂಟನ್ನು ಕೆಳಗಿಟ್ಟು ಗುರುಗಳ ಪಾದದ ಮೇಲೆ ತಲೆಯಿಟ್ಟ. ಆ ತಲೆಯನ್ನು ಎತ್ತದೆಯೇ ಮಾತಾಡಿದ.

“ನಿಮ್ಮ ಗುರುಗಳ ಮಾತನ್ನು ಮುರಿದವನು ನಾನು. ನಿಮ್ಮ ಕಣ್ಣಲ್ಲಿ ನೀರು ಹಾಕಿಸಿದವನೂ ನಾನೇ. ಇನ್ನು ಈ ಮುಖ ನಿಮಗೆ ತೋರಿಸಲಾರೆ. ಹೋಗುವುದಕ್ಕೆ ಅಪ್ಪಣೆ ಕೊಡಿ.”

ಗುರುಗಳು ಬಗ್ಗಿ ಅವನ ಎರಡೂ ಭುಜ ಹಿಡಿದು ಎತ್ತಿದರು. ಎತ್ತಲು ಅವರಿಗೆ ಕಷ್ಟವಾಯಿತು, ಅವನು ಭಾರವಿದ್ದ. ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೊಳೆಯಾಚೆಯ ಬಂಡೆಯ ಕಡೆ ಒಮ್ಮೆ ನೋಡಿದರು.

“ನನ್ನ ಗುರುಗಳಿಗೆ ಇಂಥ ಒಬ್ಬ ಶಿಷ್ಯ ಸಿಗಲಿಲ್ಲ” ಎಂದರು.